ಮಳೆಯಲ್ಲಿ ಕಾನ್ಹೇರಿಗೆ ನಡೆದು ಹೋಗುವುದು ಹೇಗೆ: ಗೆಳೆಯರ ಜೊತೆ, ಪ್ರಾರ್ಥನೆಯ ಜೊತೆ ಒಂದು ದಿನ

ಮುಂಬಯಿಯಲ್ಲಿ ಜೂನ್ ಬಂತು ಅಂದರೆ ಸಾಕು, ಭಾನುವಾರದ ಆರಾಧನೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ನಮ್ಮ ಕ್ರೈಸ್ತ ಸಭೆಯ ಹುಡುಗ ಹುಡುಗಿಯರು ಸುತ್ತ ಸೇರುತ್ತಾರೆ. "ಅಣ್ಣಾ, ಈ ಸಲ ಯಾವಾಗ?" ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಬೊರಿವಲಿಯ ಕಾಡಿಗೆ, ಅದರೊಳಗಿನ ಕಾನ್ಹೇರಿಯ ಹಳೆಯ ಬೌದ್ಧ ಗುಹೆಗಳಿಗೆ ಅಂತ ಎಲ್ಲರಿಗೂ ಗೊತ್ತು. ಅರ್ಧ ಜನ ಮಂಗಳೂರು, ಉಡುಪಿ ಕಡೆಯವರು. ಇನ್ನರ್ಧ ಬೀದರ್, ಕಲಬುರಗಿ ಕಡೆಯವರು. ಜೊತೆಗೆ ಅವರ ಆಫೀಸಿನ, ಕಾಲೇಜಿನ ಗೆಳೆಯರು ನಾಲ್ಕೈದು ಮಂದಿ. ಮಳೆಯಲ್ಲಿ ನಡೆಯುತ್ತೇವೆ, ಬೈಬಲಿನ ಒಂದು ಕೀರ್ತನೆ ಓದುತ್ತೇವೆ, ಬುತ್ತಿ ಬಿಚ್ಚಿ ಊಟ ಮಾಡುತ್ತೇವೆ, ಕತ್ತಲಾಗುವ ಮೊದಲು ಮನೆ ಸೇರುತ್ತೇವೆ.

ಹೀಗೆ ಕರೆದುಕೊಂಡು ಹೋಗುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬೇರೆ ಸಭೆಯವರೂ ಈಗ ಫೋನ್ ಮಾಡಿ ಕೇಳುತ್ತಾರೆ, ಹೇಗೆ ಮಾಡ್ತೀರಿ ಅಂತ. ಅವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಮಳೆ, ಬಂಡೆ, ತೊರೆಯ ವಿಷಯವನ್ನೂ ಪ್ರಾರ್ಥನೆಯ ವಿಷಯವನ್ನೂ ಬೇರೆ ಬೇರೆ ಮಾಡಿಲ್ಲ. ಪ್ರಾರ್ಥನೆ ಮಾಡಿದ್ದೇವಲ್ಲ, ಇನ್ನೇನು ತಯಾರಿ ಬೇಕು ಅನ್ನುವ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಆ ಮಾತಿಗೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ತೊರೆಯ ವಿಷಯ ಬಂದಾಗ ಹೇಳುತ್ತೇನೆ.

ಮೊದಲು ದಿನ ಗೊತ್ತು ಮಾಡಿ

ಬೊರಿವಲಿಯ ಈ ಕಾಡು ಅಂದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅದಕ್ಕೆ ಸೋಮವಾರ ರಜೆ. ಭಾನುವಾರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆರಾಧನೆ ತಪ್ಪಿಸಿ ಕಾಡಿಗೆ ಹೋಗಿ ಅಲ್ಲಿ ಆರಾಧನೆ ಮಾಡುತ್ತೇವೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅವತ್ತು ಸಭೆಗೆ ಬರುವ ಅಜ್ಜಿಯರಿಗೆ ನಮ್ಮ ಹುಡುಗರ ಮುಖ ಕಾಣಬೇಕು. ಅದೂ ಅಲ್ಲದೆ ಭಾನುವಾರ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ, ಕಾಡಿನ ಬಾಗಿಲಲ್ಲಿ ಜನವೂ ಜಾಸ್ತಿ. ಶನಿವಾರ ಒಳ್ಳೆಯದು.

ಮುಂಬಯಿಗೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 11. ಆದರೆ ಮೊದಲ ಮಳೆಗೇ ಓಡಬೇಡಿ. ಬೇಸಿಗೆಯ ಧೂಳು, ಹೊಸ ಪಾಚಿ ಎರಡೂ ಸೇರಿ ಬಂಡೆ ಸೋಪು ಹಚ್ಚಿದ ಹಾಗೆ ಇರುತ್ತದೆ. ಗುಡುಗು ಮಿಂಚೂ ಆಗ ಹೆಚ್ಚು. ಜುಲೈನಲ್ಲಿ 800 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಇದು. ಹೊಸಬರನ್ನು ಕರೆದುಕೊಂಡು ಹೋಗುವುದಾದರೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಹದವಾದ ಕಾಲ. ಮಳೆ ಬಂದು ಹೋಗಿ ಮಾಡುತ್ತದೆ, ತೊರೆಗಳು ತುಂಬಿರುತ್ತವೆ, ಆದರೆ ರೊಚ್ಚಿಗೇಳುವುದು ಕಡಿಮೆ.

ಹಿಂದಿನ ದಿನ ಮಧ್ಯಾಹ್ನ ಒಮ್ಮೆ, ಹೊರಡುವ ಬೆಳಗ್ಗೆ ಒಮ್ಮೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ನಾಲ್ಕು ಬಣ್ಣ. 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ ಅದನ್ನು ಭಾರಿ ಮಳೆ ಅನ್ನುತ್ತಾರೆ. 115.6 ಮುಟ್ಟಿದರೆ ಅತಿ ಭಾರಿ. ನಮ್ಮ ನಿಯಮ ಸರಳ. ಹಸಿರು, ಹಳದಿ ಇದ್ದರೆ ಹೊರಡುತ್ತೇವೆ. ಕಿತ್ತಳೆ ಇದ್ದರೆ ಮುಂದಿನ ಶನಿವಾರ. ಕೆಂಪು ಇದ್ದರೆ ಆ ಬಗ್ಗೆ ಚರ್ಚೆಯೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು. ಅವತ್ತು ಉಕ್ಕಿದ ಮೀಠಿ ನದಿ ಹುಟ್ಟುವುದು ಇದೇ ಕಾಡಿನ ವಿಹಾರ್ ಕೆರೆ ಮತ್ತು ಪಕ್ಕದ ಪೊವಾಯಿ ಕೆರೆ ತುಂಬಿ ಹರಿಯುವ ನೀರಿನಿಂದ. ನಾವು ನಡೆಯಲು ಹೋಗುವ ಬೆಟ್ಟದ ನೀರೇ ಕೆಳಗೆ ಊರಿಗೆ ಇಳಿಯುತ್ತದೆ. ಅದನ್ನು ನೆನಪಿಟ್ಟುಕೊಂಡರೆ ಕಿತ್ತಳೆ ಬಣ್ಣ ನೋಡಿ ಯಾರೂ ಮುನಿಸಿಕೊಳ್ಳುವುದಿಲ್ಲ.

ಸಮುದ್ರದ ಭರತದ ಹೊತ್ತನ್ನೂ ನೋಡಿ. ದೊಡ್ಡ ಭರತ, ದೊಡ್ಡ ಮಳೆ ಒಟ್ಟಿಗೆ ಬಂದರೆ ಹಳಿ ಮೇಲೆ ನೀರು ನಿಂತು ಮನೆಗೆ ಬರುವ ರೈಲೇ ಸಿಗುವುದಿಲ್ಲ.

ದಿನ ಮುಂದೆ ಹಾಕಿದಾಗ ಮಕ್ಕಳಿಗೆ ಬೇಜಾರಾಗುತ್ತದೆ. ಅದಕ್ಕೆ ನಾನು ಇನ್ನೊಂದು ಜಾಗ ಕೈಯಲ್ಲಿ ಇಟ್ಟುಕೊಂಡಿರುತ್ತೇನೆ. ಮಳೆ ಸ್ವಲ್ಪ ಇಳಿದ ಮೇಲೆ ಬೊರಿವಲಿ ಪಶ್ಚಿಮದ ಮಂಡಪೇಶ್ವರ ಗುಹೆಗೆ ಕರೆದುಕೊಂಡು ಹೋಗುತ್ತೇನೆ. ಅದು ಬಂಡೆಯಲ್ಲಿ ಕೊರೆದ ಶಿವನ ಗುಡಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಆ ಗುಹೆಯನ್ನೇ ತಮ್ಮ ಪ್ರಾರ್ಥನೆಗೆ ತೆಗೆದುಕೊಂಡು ಮೇಲೆ ಚರ್ಚ್ ಕಟ್ಟಿದರು. ಈಗ ಕೆಳಗೆ ಶಿವನ ಪೂಜೆ ನಡೆಯುತ್ತದೆ, ಮೇಲೆ ಚರ್ಚಿನ ಹಾಳು ಗೋಡೆಗಳು ನಿಂತಿವೆ. ನಮ್ಮ ಮಕ್ಕಳು ಅಲ್ಲಿ ನಿಂತು ಇದನ್ನು ನೋಡಬೇಕು, ನಾವು ಅವರಿಗೆ ಮುಚ್ಚಿಡದೆ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ದಾರಿ ಎಷ್ಟು ದೂರ

ಬೊರಿವಲಿ ಸ್ಟೇಷನ್ನಿನ ಪೂರ್ವ ದಿಕ್ಕಿಗೆ ಇಳಿದರೆ ಉದ್ಯಾನದ ಬಾಗಿಲು ನಡೆದುಹೋಗುವ ದೂರದಲ್ಲಿದೆ. ಬಾಗಿಲಿನಿಂದ ಕಾನ್ಹೇರಿ ಗುಹೆಗಳಿಗೆ ಡಾಂಬರು ರಸ್ತೆಯಲ್ಲಿ ಆರು ಏಳು ಕಿಲೋಮೀಟರ್. ಕೊನೆಯಲ್ಲಿ ಏರು. ಒಳಗೆ ಬಸ್ ಓಡುತ್ತದೆ, ಮಂಡಿ ನೋವಿನವರು ಅದರಲ್ಲಿ ಬಂದು ಮೇಲೆ ಸೇರಿಕೊಳ್ಳಬಹುದು. ಉದ್ಯಾನಕ್ಕೆ ಒಂದು ಟಿಕೆಟ್, ಗುಹೆಗಳಿಗೆ ಇನ್ನೊಂದು.

ಡಾಂಬರು ರಸ್ತೆ ಅಂದರೆ ಕೆಲವರು ಮೂಗು ಮುರಿಯುತ್ತಾರೆ, ಇದೆಂಥಾ ಚಾರಣ ಅಂತ. ಮಳೆಗಾಲದಲ್ಲಿ, ಹತ್ತು ಹನ್ನೆರಡು ಜನರ ಜೊತೆಗೆ, ಅದರಲ್ಲಿ ಮೂವರು ಮೊದಲ ಸಲ ನಡೆಯುವವರು ಇದ್ದರೆ ಇದೇ ಸರಿಯಾದ ದಾರಿ. ಎರಡೂ ಕಡೆ ಕಾಡು, ತಲೆ ಮೇಲೆ ಎಲೆ, ಕಾಲ ಕೆಳಗೆ ಗಟ್ಟಿ ನೆಲ. ಶಿಲೋಂಡಾದಂಥ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅವರ ಮಾರ್ಗದರ್ಶಿ ಜೊತೆಗಿರಬೇಕು. ಕಳ್ಳದಾರಿ ತೋರಿಸುತ್ತೇನೆ ಅನ್ನುವ ಗೆಳೆಯ ಎಲ್ಲ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಮೊದಲೇ ಬೇಡ ಅನ್ನಿ.

ಹೋಗಿ ಬಂದರೆ ಹನ್ನೆರಡು, ಹದಿಮೂರು ಕಿಲೋಮೀಟರ್ ಆಗುತ್ತದೆ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹು ಎಂಬ ಹಳ್ಳಿಗೆ ನಡೆಯುತ್ತಾರಲ್ಲ, ಆ ದಾರಿಯ ಲೆಕ್ಕವೂ ಸುಮಾರು ಹನ್ನೊಂದು ಕಿಲೋಮೀಟರ್. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ನಮ್ಮ ನಡಿಗೆಯನ್ನೇ ಆ ಅಧ್ಯಾಯದ ಹಾಗೆ ಮಾಡಿಕೊಂಡೆವು.

ಯಾರು ಬರಬೇಕು, ಯಾರಿಗೆ ಯಾವ ಕೆಲಸ

ಎಂಟರಿಂದ ಹನ್ನೆರಡು ಜನ. ಅದಕ್ಕಿಂತ ಜಾಸ್ತಿ ಆದರೆ ಎರಡು ದಿನ ಮಾಡಿ. ಮುಂದೆ ಒಬ್ಬರು, ಹಿಂದೆ ಒಬ್ಬರು. ಮುಂದಿನವರು ಎಷ್ಟೇ ಚುರುಕಾದರೂ ಗುಂಪಿನಲ್ಲಿ ಅತಿ ನಿಧಾನ ನಡೆಯುವವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಹಿಂದಿನವರ ಹಿಂದೆ ನಮ್ಮವರು ಯಾರೂ ಉಳಿದಿರಬಾರದು. ನಮ್ಮಲ್ಲಿ ಈ ಕೆಲಸಕ್ಕೆ ಅತ್ಯಂತ ತಾಳ್ಮೆಯ ಮನುಷ್ಯನನ್ನೇ ಹುಡುಕುತ್ತೇವೆ. ಪ್ರತಿ ಸಲ ನಿಂತು ಹೊರಡುವಾಗ ತಲೆ ಎಣಿಸಬೇಕು. ಒಬ್ಬರು ಕಡಿಮೆ ಬಂದರೆ ಎಲ್ಲರೂ ಅಲ್ಲೇ ನಿಲ್ಲಬೇಕು. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೋದ ಕುರುಬನ ಕಥೆ ಎಲ್ಲರಿಗೂ ಇಷ್ಟ. ಆದರೆ ಕಾಡಿನಲ್ಲಿ ಒಬ್ಬೊಬ್ಬರೇ ಹುಡುಕಲು ಹೊರಟರೆ ಕಳೆದುಹೋದವರು ಒಬ್ಬರಲ್ಲ, ಮೂವರಾಗುತ್ತಾರೆ. ಇಬ್ಬರು ಬಂದ ದಾರಿಯಲ್ಲೇ ಹಿಂದೆ ಹೋಗಲಿ, ಉಳಿದವರು ಕದಲಬಾರದು.

ಬೇರೆ ಧರ್ಮದ ಗೆಳೆಯರು ಬರುವುದಾದರೆ ಕರೆಯುವಾಗಲೇ ಹೇಳಿಬಿಡಿ. "ನಾವು ಎರಡು ಮೂರು ಕಡೆ ನಿಂತು ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ. ನೀನು ಜೊತೆಗೆ ನಿಲ್ಲಬಹುದು, ಬೇಡ ಅಂದರೆ ಪಕ್ಕದಲ್ಲಿ ಮಳೆ ನೋಡುತ್ತಾ ಇರಬಹುದು." ಅಷ್ಟೇ. ಗೆಳೆಯನನ್ನು ಕಾಡಿಗೆ ಕರೆದು ಅಲ್ಲಿ ಉಪದೇಶಕ್ಕೆ ಸಿಕ್ಕಿಸುವುದು ಮೋಸ. ನಾನು ಅದನ್ನು ಒಪ್ಪುವುದಿಲ್ಲ.

ಚೀಲದಲ್ಲಿ ಏನಿರಬೇಕು

ಹಿಡಿತ ಇರುವ ಶೂ. ಅಡಿ ಸವೆದ ಹಳೆ ಶೂ ಮಳೆಗೆ ಸಾಕು ಅಂತ ತರುವವರು ಜಾಸ್ತಿ. ಬಿದ್ದು ಕೈ ಊರುವವರೂ ಅವರೇ. ಜೀನ್ಸ್ ಬೇಡ, ನೆನೆದರೆ ಕಲ್ಲಿನ ಭಾರ. ಬೇಗ ಒಣಗುವ ಪ್ಯಾಂಟ್ ಸಾಕು. ರಸ್ತೆಯಲ್ಲಿ ಕೊಡೆ ನಡೆಯುತ್ತದೆ, ಆದರೆ ಗುಹೆಗಳ ಮೆಟ್ಟಿಲಲ್ಲಿ ಎರಡೂ ಕೈ ಖಾಲಿ ಇರಬೇಕು. ಅದಕ್ಕೆ ರೇನ್‌ಕೋಟೇ ವಾಸಿ.

ಚೀಲದ ಹೊರಗೆ ಕವರ್ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಚೀಲದ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹರಡಿ ಅದರೊಳಗೆ ಬಟ್ಟೆ ಇಡಿ, ಅದನ್ನು ಹಾಗೇ ವಾಪಸ್ ತನ್ನಿ. ಒಂದು ಜೊತೆ ಒಣ ಬಟ್ಟೆ, ಒಂದು ತೆಳು ಟವೆಲ್. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ರೇನ್‌ಕೋಟಿನೊಳಗೆ ಬೆವರು ಹರಿಯುತ್ತಲೇ ಇರುತ್ತದೆ. ಓಆರ್‌ಎಸ್ ಪೊಟ್ಟಣ ನಾಲ್ಕು, ಬ್ಯಾಂಡೇಜ್, ಗಾಯಕ್ಕೆ ಹಚ್ಚುವ ಔಷಧಿ. ಆಸ್ತಮಾ ಇದ್ದವರ ಇನ್‌ಹೇಲರ್ ಅವರ ಜೇಬಿನಲ್ಲೇ ಇರಲಿ. ಒಂದು ಸೀಟಿ.

ಊಟದ ವಿಷಯದಲ್ಲಿ ನಮ್ಮ ಗುಂಪಿಗೆ ಯೋಚನೆ ಇಲ್ಲ. ಬೀದರಿನವರ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬರುತ್ತದೆ. ಮಂಗಳೂರಿನವರ ಮನೆಯಿಂದ ಬನ್ಸ್ ಬರುತ್ತದೆ. ಎರಡೂ ಒದ್ದೆ ಹವೆಗೆ ಹಾಳಾಗುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ತನ್ನಿ, ಮಂಗಗಳ ಮುಂದೆ ತೆಗೆಯಬೇಡಿ. ಕಾನ್ಹೇರಿಯ ಮಂಗಗಳಿಗೆ ಚೀಲದ ಜಿಪ್ ಎಳೆಯಲೂ ಗೊತ್ತು. ದಾರಿಯಲ್ಲಿ ಆದಿವಾಸಿ ಹೆಂಗಸರು ಸೌತೆಕಾಯಿ, ಪೇರಳೆ ಮಾರುತ್ತಾ ಕೂತಿರುತ್ತಾರೆ. ಅವರ ಪಾಡಾಗಳು, ಅಂದರೆ ಹಾಡಿಗಳು, ಇದೇ ಕಾಡಿನಲ್ಲಿವೆ, ನಾವೆಲ್ಲ ಮುಂಬಯಿಗೆ ಬರುವುದಕ್ಕೆ ಎಷ್ಟೋ ಮೊದಲಿನಿಂದ. ಅವರ ಹತ್ತಿರ ಚೌಕಾಸಿ ಮಾಡಬೇಡಿ.

ಬೈಬಲನ್ನು ಚೀಲದಲ್ಲಿ ತಂದು ನೆನೆಸಬೇಡಿ. ಫೋನಿನಲ್ಲಿ ಓದೋಣ ಅಂದರೆ ಒದ್ದೆ ಬೆರಳಿಗೆ ಪರದೆ ಕೇಳುವುದಿಲ್ಲ. ನಾವು ಹೀಗೆ ಮಾಡುತ್ತೇವೆ. ಹಿಂದಿನ ವಾರ ದಪ್ಪ ರಟ್ಟಿನ ಐದು ಚೀಟಿಗಳ ಮೇಲೆ 104ನೇ ಕೀರ್ತನೆಯ ವಚನಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ, ಪೆನ್ಸಿಲ್ ಹಾಗೇ ನಿಲ್ಲುತ್ತದೆ. ಇಂಗ್ಲಿಷ್, ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾರೆ. ಅವರ ಕೈಯಲ್ಲೇ ಬರೆಸಿ. ಒತ್ತಕ್ಷರಕ್ಕೆ ಬಂದಾಗ ಪೆನ್ಸಿಲ್ ನಿಲ್ಲಿಸಿ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸುತ್ತಾಳೆ. ಆ ಚೀಟಿಯನ್ನು ಕಾಡಿನಲ್ಲಿ ಅದೇ ಮಗು ಓದುತ್ತದೆ, ನಿಧಾನವಾಗಿ, ಒಂದೊಂದೇ ಅಕ್ಷರ. ಯಾರೂ ಮಧ್ಯೆ ಬಾಯಿ ಹಾಕಬಾರದು.

ನಡೆಯುವುದು

ಬಾಗಿಲು ದಾಟಿದ ಮೇಲೆ ಒಂದು ಕಡೆ ನಿಂತು ಪ್ರಾರ್ಥನೆ, ಎರಡೇ ನಿಮಿಷ. ಅಲ್ಲಿಯೇ ಹೇಳಬೇಕಾದದ್ದನ್ನೆಲ್ಲ ಹೇಳಿ: ಮುಂದೆ ಯಾರು, ಹಿಂದೆ ಯಾರು, ಎಷ್ಟು ಗಂಟೆಗೆ ವಾಪಸ್ ತಿರುಗುತ್ತೇವೆ. ಮನೆಯಲ್ಲಿ ಇರುವ ಒಬ್ಬರಿಗೆ ಮೆಸೇಜ್ ಹಾಕಿ, ಇಷ್ಟು ಜನ ಒಳಗೆ ಹೋಗಿದ್ದೇವೆ, ಇಷ್ಟೊತ್ತಿಗೆ ಹೊರಗೆ ಬರುತ್ತೇವೆ ಅಂತ.

ಆಮೇಲೆ ಇಬ್ಬಿಬ್ಬರಾಗಿ ನಡೆಯಿರಿ. ಎರಡು ಕಿಲೋಮೀಟರಿಗೊಮ್ಮೆ ಜೋಡಿ ಬದಲಿಸಿ. ಎಮ್ಮಾಹುವಿನ ದಾರಿಯಲ್ಲಿ ಯೇಸು ಆ ಇಬ್ಬರ ಜೊತೆ ಸೇರಿಕೊಂಡಾಗ ಮೊದಲು ಪಾಠ ಹೇಳಲಿಲ್ಲ. ಏನು ಮಾತಾಡುತ್ತಾ ಹೋಗುತ್ತಿದ್ದೀರಿ ಅಂತ ಕೇಳಿದನು. ಅವರ ದುಃಖವನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ತನ್ನ ಮಾತು ಶುರು ಮಾಡಿದನು. ನಮ್ಮ ಜೋಡಿಗಳಿಗೂ ಅದೇ ನಿಯಮ. ಒಬ್ಬರು ಕೇಳುತ್ತಾರೆ: "ಈ ತಿಂಗಳು ನಿನಗೆ ಯಾವುದು ಭಾರ ಆಗಿತ್ತು?" ಇನ್ನೊಬ್ಬರು ಹೇಳುತ್ತಾರೆ. ಕೇಳಿದವರು ಬುದ್ಧಿ ಹೇಳುವಂತಿಲ್ಲ.

ಮಳೆಯಲ್ಲಿ ಇದು ಇನ್ನೂ ಸಲೀಸು. ರೇನ್‌ಕೋಟಿನ ಟೋಪಿ ಮುಖ ಮುಚ್ಚಿರುತ್ತದೆ. ಪಕ್ಕದವರ ಕಣ್ಣು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಸಭೆಯಲ್ಲಿ ಎರಡು ವರ್ಷ ನನ್ನ ಜೊತೆ ಬರೀ ಕ್ರಿಕೆಟ್ ಮಾತಾಡಿದ ಹುಡುಗ ಒಬ್ಬ ಇಲ್ಲಿ, ಸೇತುವೆ ದಾಟಿ ಸ್ವಲ್ಪ ಮುಂದೆ, ತನ್ನ ಕೆಲಸ ಹೋಗಿ ನಾಲ್ಕು ತಿಂಗಳಾಯಿತು, ಮನೆಯಲ್ಲಿ ಇನ್ನೂ ಹೇಳಿಲ್ಲ ಅಂದ. ನಾನು ಏನೂ ಹೇಳಲಿಲ್ಲ. ಇಬ್ಬರೂ ಒಂದು ಕಿಲೋಮೀಟರ್ ಸುಮ್ನೆ ನಡೆದೆವು. ಆ ವಾರವೇ ಅವನು ಅಪ್ಪನ ಹತ್ತಿರ ಮಾತಾಡಿದ.

ನಡುವೆ ಅರ್ಧ ಗಂಟೆ ಪೂರ್ತಿ ಮೌನ. ಸ್ಪೀಕರ್ ತರುವವರಿಗೆ ಮನೆಯಲ್ಲೇ ಬಿಟ್ಟು ಬರಲು ಹೇಳಿ, ಅದರಲ್ಲಿ ಕ್ರೈಸ್ತ ಗೀತೆ ಹಾಕುತ್ತೇವೆ ಅಂದರೂ ಬೇಡ. ಮೌನದಲ್ಲಿ ನಡೆದಾಗ ಕಾಣುವುದೇ ಬೇರೆ. ರಸ್ತೆಗೆ ಅಡ್ಡ ಹೋಗುವ ಏಡಿ. ದೊಡ್ಡ ಬಲೆಯ ಮಧ್ಯೆ ಅಂಗೈಯಗಲದ ಜೇಡ. ಅದೃಷ್ಟ ಇದ್ದರೆ ಅಟ್ಲಾಸ್ ಪತಂಗ, ರೆಕ್ಕೆ ಬಿಚ್ಚಿದರೆ ಒಂದು ಗೇಣು. ಕಾರ್ವಿ ಗಿಡಗಳನ್ನು ಮಕ್ಕಳಿಗೆ ತೋರಿಸಿ. ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಗಿಡ. 2016ರಲ್ಲಿ ಬಿಟ್ಟಿತ್ತು, 2024ರಲ್ಲಿ ಬಿಟ್ಟಿತು. ಇನ್ನು 2032ಕ್ಕೆ. ಈಗ ಹನ್ನೆರಡು ವರ್ಷದ ಮಗುವಿಗೆ ಆಗ ಎಷ್ಟು ವರ್ಷ ಅಂತ ಲೆಕ್ಕ ಹಾಕಲು ಹೇಳಿ.

ತೇಗದ ಎಳೆ ಎಲೆ ಗಾಳಿಗೆ ಬಿದ್ದಿದ್ದರೆ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿ. ಎಲೆ ಹಸಿರು, ಕೈ ಮಾತ್ರ ರಕ್ತ ಹತ್ತಿದ ಹಾಗೆ ಕೆಂಪಗಾಗುತ್ತದೆ. ನಮ್ಮ ಜೊತೆ ಬಂದಿದ್ದ ಏಳು ವರ್ಷದ ಹುಡುಗಿ ಒಂದು ಸಲ ಗಾಯ ಆಯಿತು ಅಂತ ಅಳಲು ಶುರು ಮಾಡಿದ್ದಳು. ಮಳೆಗೆ ಕೈ ಒಡ್ಡಿ ತೊಳೆದು, ಗಾಯ ಇಲ್ಲ ಅಂತ ನೋಡಿ, ಮತ್ತೊಂದು ಎಲೆ ಹುಡುಕಲು ಹೋದಳು.

ಚೀಟಿಗಳನ್ನು ಎಲ್ಲಿ ಓದಬೇಕು ಅಂತ ಮೊದಲೇ ಗೊತ್ತು ಮಾಡಿರಿ. ದೇವರು ಕಣಿವೆಗಳಲ್ಲಿ ಬುಗ್ಗೆ ಹೊರಡಿಸುವ ವಚನ ಮೊದಲ ತೊರೆಯ ಸೇತುವೆ ಮೇಲೆ. ಕೊಂಬೆಗಳ ನಡುವೆ ಹಕ್ಕಿಗಳು ಹಾಡುವ ವಚನ ಮೌನ ಮುಗಿಯುವ ಜಾಗದಲ್ಲಿ. ಮರಗಳು ನೀರುಂಡು ತೃಪ್ತಿಯಾಗುವ ವಚನ ದೊಡ್ಡ ಮರದ ಕೆಳಗೆ, ಗುಡುಗು ಇಲ್ಲದಿದ್ದರೆ ಮಾತ್ರ. ಬಂಡೆಗಳು ಸಣ್ಣ ಪ್ರಾಣಿಗಳಿಗೆ ಆಶ್ರಯವಾಗುವ ವಚನ ಕಾನ್ಹೇರಿಯ ಏರಿನಲ್ಲಿ. ಕೊನೆಯ ಚೀಟಿ ವಾಪಸ್ ತಿರುಗುವಾಗ. ಅದರ ಬಗ್ಗೆ ಆಮೇಲೆ.

ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಒಂಟಿ ಮರ, ತೆರೆದ ಬಂಡೆ ಬಿಟ್ಟು ಕಟ್ಟಡಕ್ಕೋ ಬಸ್ಸಿಗೋ ಸೇರಿಕೊಳ್ಳಿ.

ಗುಹೆಗಳಲ್ಲಿ

ಕಾನ್ಹೇರಿ ಅಂದರೆ ಕೃಷ್ಣಗಿರಿ, ಕಪ್ಪು ಬೆಟ್ಟ. ನೂರಕ್ಕೂ ಹೆಚ್ಚು ಗುಹೆಗಳು. ಬೌದ್ಧ ಭಿಕ್ಷುಗಳು ಸಾವಿರ ವರ್ಷದಷ್ಟು ಕಾಲ ಇಲ್ಲಿ ಬಾಳಿದರು. ಮಳೆಗಾಲದ ಮೂರು ತಿಂಗಳು ಅವರು ಊರೂರು ತಿರುಗುವುದನ್ನು ನಿಲ್ಲಿಸಿ ಒಂದೇ ಕಡೆ ಇರುತ್ತಿದ್ದರು. ಅದಕ್ಕೆ ಮಳೆಯಲ್ಲಿ ಇಲ್ಲಿಗೆ ಬಂದು ನಿಲ್ಲುವುದು ನನಗೆ ಬೇರೆ ಯಾವ ಕಾಲಕ್ಕಿಂತ ಇಷ್ಟ. ಬಂಡೆಯ ಮೇಲೆ ಬೆರಳಗಲದ ಕಾಲುವೆ ಕೊರೆದಿದ್ದಾರೆ, ನೋಡಿ. ಬಾಗಿಲ ಪಕ್ಕದ ತೊಟ್ಟಿಗೆ ನೀರು ಇಂದಿಗೂ ಅದರಲ್ಲೇ ಇಳಿಯುತ್ತದೆ. ಆದರೆ ತೊಟ್ಟಿಯ ನೀರು ಕುಡಿಯಬೇಡಿ.

ಮೂರನೇ ಗುಹೆ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನೆಯ ಸಭಾಂಗಣ. ಹೊರಗೆ ಎರಡೂ ಬದಿ ಎತ್ತರದ ಬುದ್ಧ ನಿಂತಿದ್ದಾನೆ. ಒಳಗೆ ದನಿ ಚೆನ್ನಾಗಿ ಮೊಳಗುತ್ತದೆ. ಅದಕ್ಕೇ ಹಾಡಬೇಕು ಅನಿಸುತ್ತದೆ, ನಮ್ಮ ಹುಡುಗರಿಗೂ ಅನಿಸಿತ್ತು. ನಾನು ಬೇಡ ಅಂದೆ. ಇನ್ನೊಬ್ಬರು ಪವಿತ್ರ ಅಂದುಕೊಂಡ ಜಾಗದಲ್ಲಿ ನಮ್ಮ ಗೀತೆ ಹಾಡುವುದು ಸ್ತೋತ್ರ ಆಗುವುದಿಲ್ಲ. ಮಂಡಪೇಶ್ವರದಲ್ಲಿ ನಡೆದದ್ದು ನಮಗೆ ಗೊತ್ತಿದೆಯಲ್ಲ. ಒಳಗೆ ಟೋಪಿ ತೆಗೆದು ಸುಮ್ಮನೆ ನಿಂತು ಬನ್ನಿ. ನಮ್ಮ ಹಾಡು ಊಟದ ಹೊತ್ತಿಗೆ, ಗುಹೆಗಳ ಆವರಣ ಬಿಟ್ಟು ಕೆಳಗೆ ಬಂದ ಮೇಲೆ.

ಮೆಟ್ಟಿಲುಗಳಲ್ಲಿ ಜಾಗ್ರತೆ. ಹಸಿರು, ಒರಟಾಗಿ ಕಾಣುವ ಪಾಚಿಯ ಮೇಲೆ ಕಾಲು ಸ್ವಲ್ಪ ನಿಲ್ಲುತ್ತದೆ. ಕಪ್ಪಗೆ ಹೊಳೆಯುವ ಕಡೆ ನಿಲ್ಲುವುದೇ ಇಲ್ಲ. ಇಳಿಯುವಾಗ ಪಾದ ಅಡ್ಡ ಇಡಿ, ಮೈ ಹಿಂದಕ್ಕೆ ವಾಲಿಸಬೇಡಿ. ಕೈ ಊರುವ ಮೊದಲು ಆ ಬಿರುಕಿನೊಳಗೆ ನೋಡಿ, ಮಳೆಗಾಲದಲ್ಲಿ ಹಾವುಗಳು ಒಣ ಜಾಗ ಹುಡುಕುತ್ತವೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ ತೆಗೆದು, ಆ ಭಾಗ ಅಲುಗಾಡದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ಕಾವಲುಗಾರರಿಗೆ ಹೇಳಿ ಆಸ್ಪತ್ರೆಗೆ ಒಯ್ಯಿರಿ. ಪ್ರಾರ್ಥನೆ ಮಾಡುವವರು ಗಾಡಿಯಲ್ಲಿ ಕೂತು ಮಾಡಲಿ.

ತೊರೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಕೆಲವು ವರ್ಷಗಳ ಹಿಂದೆ ನಾವು ಕರ್ಜತ್ ಕಡೆಯ ಒಂದು ಬೆಟ್ಟಕ್ಕೆ ಹೋಗಿದ್ದೆವು. ಬೆಳಗ್ಗೆ ದಾರಿಯಲ್ಲಿ ಒಂದು ತೊರೆ. ಪಾದ ಮುಳುಗುವಷ್ಟು ನೀರು, ತಳದ ಕಲ್ಲು ಕಾಣುತ್ತಿತ್ತು. ನಗುತ್ತಾ ದಾಟಿದೆವು. ಮೇಲೆ ಊಟ ಮಾಡಿ, ಹಾಡಿ, ಎರಡು ಗಂಟೆ ಕಳೆದು ವಾಪಸ್ ಬಂದರೆ ಅದೇ ತೊರೆ ತೊಡೆ ಮಟ್ಟ ಏರಿತ್ತು. ನಾವಿದ್ದ ಕಡೆ ಅಷ್ಟು ಮಳೆ ಬಂದಿರಲೇ ಇಲ್ಲ. ಬೆಟ್ಟದ ತುದಿಯಲ್ಲಿ ಬಿದ್ದಿತ್ತು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗಿನಿಂದ ಕಲ್ಲು ಉರುಳುವ ಗುಡುಗುಡು ಸದ್ದು ಬರುತ್ತಿತ್ತು.

ಸಂಜೆಯಾಗುತ್ತಿತ್ತು. ಕೊನೆಯ ಟೆಂಪೋ ತಪ್ಪುತ್ತದೆ ಅಂತ ಎಲ್ಲರಿಗೂ ಆತಂಕ. ಒಬ್ಬ ಹುಡುಗ ಅಂದ: "ಪ್ರಾರ್ಥನೆ ಮಾಡಿ ಕೈ ಕೈ ಹಿಡಿದು ದಾಟೋಣ ಅಣ್ಣ. ದೇವರು ನೋಡ್ಕೊಳ್ತಾನೆ." ನಾನು ಗುಂಪಿನ ಮುಖಂಡ. ಬಾಯಿಂದ ಸರಿ ಅನ್ನುವ ಮಾತು ಬಂದೇಬಿಟ್ಟಿತ್ತು. ಆಗ ನಮ್ಮ ಜೊತೆ ಬಂದಿದ್ದ ಹಿರಿಯ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಚೀಲ ಕೆಳಗಿಟ್ಟು ಕಲ್ಲಿನ ಮೇಲೆ ಕೂತರು. "ಪ್ರಾರ್ಥನೆ ಖಂಡಿತ ಮಾಡೋಣ. ಆದ್ರೆ ಈ ದಡದಲ್ಲೇ ಕೂತು ಮಾಡೋಣ" ಅಂದರು.

ಕೂತೆವು. ಅಕ್ಕ ಮತ್ತಾಯನ 4ನೇ ಅಧ್ಯಾಯ ನೆನಪಿಸಿದರು. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗ, ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ಅಲ್ಲೇ ನಿಂತನು. ಎರಡೂವರೆ ಗಂಟೆ ಕಾದೆವು. ನೀರು ಮೊಣಕಾಲ ಕೆಳಗೆ ಇಳಿಯಿತು, ತಳ ಮತ್ತೆ ಕಂಡಿತು. ದಾಟಿದೆವು. ಟೆಂಪೋ ಹೋಗಿತ್ತು. ಕತ್ತಲಲ್ಲಿ ಟಾರ್ಚ್ ಹಿಡಿದು ರಸ್ತೆಯಲ್ಲಿ ನಡೆದು, ಮನೆ ಮುಟ್ಟುವಾಗ ರಾತ್ರಿ ಹನ್ನೊಂದು. ಹನ್ನೊಂದು ಜನ ಹೋಗಿದ್ದೆವು, ಹನ್ನೊಂದೂ ಜನ ಮನೆಗೆ ಬಂದೆವು.

2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಂತಿದ್ದರು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನಿಯಮಗಳು ಇವು. ರಭಸದ ನೀರು ಒಂದು ಗೇಣಿಗಿಂತ ಕಡಿಮೆ ಇದ್ದರೂ ದೊಡ್ಡವರನ್ನು ಬೀಳಿಸುತ್ತದೆ, ಸೇತುವೆ ಇಲ್ಲದ ಕಡೆ ದಾಟಲೇಬೇಡಿ. ತಿಳಿಯಾದ ನೀರು ಕದಡಿದರೆ, ಕಡ್ಡಿ ಎಲೆಗಳು ತೇಲಿ ಬಂದರೆ, ಸದ್ದು ದಪ್ಪಗಾದರೆ ಮೇಲೆ ಮಳೆ ಬಿದ್ದಿದೆ ಅಂತ ತಿಳಿದು ಕೂಡಲೇ ದಡದ ಎತ್ತರಕ್ಕೆ ಹತ್ತಿ. ಸೇತುವೆ ಮೇಲೇ ನೀರು ಹರಿಯುತ್ತಿದ್ದರೆ ಅದೂ ತೊರೆಯೇ. ಜಲಪಾತದ ಕೆಳಗೆ ನಿಲ್ಲುವುದು, ತೊರೆಯ ನಡುವಿನ ಬಂಡೆ ಮೇಲೆ ಫೋಟೋ ತೆಗೆಸಿಕೊಳ್ಳುವುದು ಇಲ್ಲ. ದಾಟುವುದು ಬೇಡ ಅಂತ ಗುಂಪಿನಲ್ಲಿ ಒಬ್ಬರು ಅಂದರೂ ಸಾಕು, ಅದು ಅತಿ ಕಿರಿಯರಾದರೂ ಸರಿ, ಎಲ್ಲರೂ ನಿಲ್ಲಬೇಕು. ಹೀಗೆ ಅಂದವರಿಗೆ ನಂಬಿಕೆ ಕಡಿಮೆ ಅಂತ ಯಾರೂ ಹೇಳಬಾರದು. ಬಾಗಿಲ ಪ್ರಾರ್ಥನೆಯಲ್ಲಿ ನಾನು ಇದನ್ನು ಪ್ರತಿ ಸಲ ಎಲ್ಲರ ಎದುರು ಹೇಳುತ್ತೇನೆ.

ಯಾವಾಗ ತಿರುಗಬೇಕು

ಊಟ ಮುಗಿಸಿ ಎರಡು ಗಂಟೆಗೆ ಹೊರಟುಬಿಡಿ. ಮಳೆಗಾಲದ ಮೋಡದಲ್ಲಿ ಕಾಡಿನೊಳಗೆ ಐದಕ್ಕೇ ಮಬ್ಬು ಕವಿಯುತ್ತದೆ. ಇದು ಚಿರತೆಗಳ ಕಾಡು. ಹಗಲಲ್ಲಿ ಗುಂಪಾಗಿ ರಸ್ತೆಯಲ್ಲಿ ನಡೆಯುವವರ ಹತ್ತಿರ ಅವು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಮುಸ್ಸಂಜೆಯಲ್ಲಿ ಒಬ್ಬರೇ ಹಿಂದೆ ಉಳಿಯಬಾರದು, ಮಕ್ಕಳು ಗುಂಪಿನ ಮಧ್ಯೆ ಇರಬೇಕು, ಪೊದೆಯ ಪಕ್ಕ ಬಗ್ಗಿ ಕೂರಬಾರದು. ಕಂಡರೆ ಓಡಬೇಡಿ. ಒಟ್ಟಾಗಿ ನಿಂತು, ಗಟ್ಟಿಯಾಗಿ ಮಾತಾಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ.

ಐದನೇ ಚೀಟಿ ಇಲ್ಲಿಗೆ. 104ನೇ ಕೀರ್ತನೆಯ 20ರಿಂದ 23. ಕತ್ತಲಾದಾಗ ಕಾಡಿನ ಮೃಗಗಳು ಹೊರಗೆ ಬರುತ್ತವೆ, ಸಿಂಹದ ಮರಿಗಳು ದೇವರಿಂದಲೇ ಆಹಾರ ಕೇಳುತ್ತವೆ. ಸೂರ್ಯ ಹುಟ್ಟಿದಾಗ ಅವು ಗವಿ ಸೇರುತ್ತವೆ, ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ, ಸಂಜೆಯವರೆಗೆ ದುಡಿಯುತ್ತಾನೆ. ಒಂದೇ ಜಾಗವನ್ನು ದೇವರು ಹೊತ್ತು ಹಂಚಿ ಇಬ್ಬರಿಗೂ ಕೊಟ್ಟಿದ್ದಾನೆ. ಚೀಟಿ ಓದಿದ ಹುಡುಗಿ ಒಮ್ಮೆ ಗಡಿಯಾರ ನೋಡಿ, "ಹಾಗಾದ್ರೆ ನಮ್ಮ ಪಾಳಿ ಮುಗಿಯಿತು" ಅಂದಳು. ಅವಳ ಅಪ್ಪ ಪಾಳಿಯಲ್ಲಿ ದುಡಿಯುವವರು.

ಮನೆಗೆ ಬಂದ ಮೇಲೆ

ಬೊರಿವಲಿ ಸ್ಟೇಷನ್ ಹತ್ತಿರ ನಮ್ಮ ಸಭೆಯ ಆಂಟಿಯೊಬ್ಬರ ಮನೆ ಇದೆ. ಎಲ್ಲರೂ ನೇರ ಅಲ್ಲಿಗೆ ಹೋಗುತ್ತೇವೆ. ಬಕೆಟ್ಟಿನಲ್ಲಿ ಬಿಸಿನೀರು, ಒಂದು ಸೋಪು, ಎರಡು ಟಬ್. ಮೊದಲೆಲ್ಲ ಅವರವರ ಕಾಲು ಅವರೇ ತೊಳೆಯುತ್ತಿದ್ದರು. ಆಮೇಲೆ ಒಂದು ವರ್ಷ ಆ ನರ್ಸ್ ಅಕ್ಕ ಸುಮ್ಮನೆ ಕೆಳಗೆ ಕೂತು ಒಬ್ಬ ಹುಡುಗನ ಪಾದ ಹಿಡಿದು ತೊಳೆಯಲು ಶುರು ಮಾಡಿದರು. ಅವನು ನಾಚಿ ಕಾಲು ಎಳೆದುಕೊಂಡ. ಅಕ್ಕ ಬಿಡಲಿಲ್ಲ. ಬೆರಳುಗಳ ಸಂದಿ ಬಿಡಿಸಿ, ದೀಪಕ್ಕೆ ಹಿಡಿದು ನೋಡಿದರು. ಕಿರುಬೆರಳ ಕೆಳಗೆ ಅವನಿಗೇ ಗೊತ್ತಿಲ್ಲದ ಒಂದು ಸೀಳು ಇತ್ತು. ಈಗ ಒಬ್ಬರ ಪಾದ ಇನ್ನೊಬ್ಬರು ತೊಳೆಯುತ್ತೇವೆ. ಯೇಸು ಶಿಷ್ಯರ ಪಾದ ತೊಳೆದ ಯೋಹಾನನ 13ನೇ ಅಧ್ಯಾಯವನ್ನು ಅಲ್ಲಿ ಯಾರೂ ಓದಿ ಹೇಳಬೇಕಾಗಿಲ್ಲ.

ಆ ಸೀಳು ಸಣ್ಣ ವಿಷಯ ಅಲ್ಲ. ಮುಂಬಯಿಯ ಮಳೆನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ, ಅದು ಗಾಯದ ಮೂಲಕ ಒಳಗೆ ಹೋಗುತ್ತದೆ. ಕಾಲಿನಲ್ಲಿ ಗಾಯ ಇದ್ದು ನಿಂತ ನೀರಿನಲ್ಲಿ ನಡೆದಿದ್ದರೆ 24ರಿಂದ 72 ಗಂಟೆಯೊಳಗೆ ಡಾಕ್ಟರನ್ನು ಕಾಣಿ, ತಡೆಗೆ ಮಾತ್ರೆ ಕೊಡುತ್ತಾರೆ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಳೆಯಲ್ಲಿ ನಡೆದಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ. ಮುಖಂಡರು ಒಂದು ವಾರ ಬಿಟ್ಟು ಎಲ್ಲರಿಗೂ ಫೋನ್ ಮಾಡಿ ವಿಚಾರಿಸಿ.

ಚೀಟಿಗಳನ್ನು ಒಣಗಿಸಿ ಬರೆದ ಮಕ್ಕಳಿಗೇ ಕೊಡಿ. ಶೂ ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ ಫ್ಯಾನಿನ ಕೆಳಗೆ ಇಡಿ, ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ. ಬೆಳಗ್ಗೆ ಭಾನುವಾರ, ಆರಾಧನೆಗೆ ಅದೇ ಶೂ ಬೇಕಾಗುತ್ತದೆ.